ಹುಣಸೂರಿನ ಬೆನ್ನುಚೀಲ

ಶಾಲೆಯ ಮಕ್ಕಳ ಚೀಲ ತೂಗುವ ಕೆಲಸ ನನ್ನ ಪಾಲಿಗೆ ಬಂದದ್ದು 2019ರ ಜೂನ್ ತಿಂಗಳಲ್ಲಿ. ಯಾವ ತರಗತಿಯ ಮಗುವಿನ ಬ್ಯಾಗು ಎಷ್ಟು ತೂಗಬೇಕು ಎಂದು ನಮ್ಮ ಸರ್ಕಾರ ಅದೇ ಮೇ ತಿಂಗಳಲ್ಲಿ ಆದೇಶ ಹೊರಡಿಸಿತ್ತು. ಒಂದು ಎರಡನೆಯ ತರಗತಿಯವರಿಗೆ ಹೆಚ್ಚೆಂದರೆ 2 ಕೆ.ಜಿ., ಆರರಿಂದ ಎಂಟರವರೆಗಿನವರಿಗೆ 4 ಕೆ.ಜಿ., ಒಟ್ಟಿನಲ್ಲಿ ಮಗುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು. "ನೀವು ಸಮಾಜ ವಿಜ್ಞಾನದವರು, ಇದೂ ಸಮಾಜಕ್ಕೆ ಸೇರಿದ್ದೇ. ನೀವೇ ತೂಗಿಬಿಡಿ ಮೇಡಂ" ಎಂದು ಮುಖ್ಯೋಪಾಧ್ಯಾಯರು ನಗುತ್ತಾ ಹೇಳಿ ತಮ್ಮ ಕೋಣೆ ಸೇರಿಕೊಂಡರು. ಪಕ್ಕದ ಅಂಗನವಾಡಿಯಿಂದ ತೂಕದ ಯಂತ್ರ ಬಂತು. ಮಕ್ಕಳಿಗೆ ಅದೊಂದು ಹಬ್ಬ. ಸಾಲಾಗಿ ನಿಂತು, ಒಬ್ಬರನ್ನೊಬ್ಬರು ತಳ್ಳುತ್ತಾ, ತಂತಮ್ಮ ಚೀಲ ತಂದಿಟ್ಟರು.

ಆರನೆಯ ತರಗತಿಯ ಹುಡುಗಿಯೊಬ್ಬಳು ಬಂದಳು. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯವಳು, ಹೊಗೆಸೊಪ್ಪು ಬೆಳೆಯುವವರ ಮನೆಯ ಮಗು. ಬಸ್ಸಿಳಿದು ಒಂದು ಮೈಲಿ ನಡೆದು ಬರುವವಳು. ಅವಳ ತೂಕ 28 ಕೆ.ಜಿ., ಅವಳ ಚೀಲದ್ದು ಆರೂವರೆ. ಚೀಲದ ಒಂದು ಪಟ್ಟಿ ಹರಿದು, ಅದಕ್ಕೆ ಸೇಫ್ಟಿ ಪಿನ್ನು ಹಾಕಿದ್ದಳು. ಕತ್ತಿನ ಬಳಿ ಯೂನಿಫಾರಂ ಸರಿದಾಗ ಹೆಗಲ ಮೇಲೆ ಕೆಂಪಗೆ ಬಾಸುಂಡೆಯ ಹಾಗೆ ಒಂದು ಗೆರೆ ಕಂಡಿತು. ನಾನು ಬರೆದುಕೊಳ್ಳುತ್ತಿದ್ದಾಗ ಅವಳು ಕೇಳಿದಳು: "ಮಿಸ್, ಈ ಬ್ಯಾಗು ಅನ್ನೋದನ್ನ ಮೊದಲು ಮಾಡಿದೋರು ಯಾರು?"

"ಯಾಕೆ?" ಎಂದೆ.

"ಸಿಕ್ಕಿದ್ರೆ ಕೇಳಬೇಕಾಗಿತ್ತು" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಗೊತ್ತಿಲ್ಲದಿದ್ದಾಗ ಟೀಚರುಗಳು ಹೇಳುವ ಮಾತನ್ನೇ ಹೇಳಿದೆ: "ನಾಳೆ ಹೇಳ್ತೀನಿ, ಕೂತ್ಕೋ." ಆ ನಾಳೆ ಬರುವುದಕ್ಕೆ ಎಷ್ಟೋ ತಿಂಗಳು ಬೇಕಾದವು. ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ಇಪ್ಪತ್ತೈದು ವರ್ಷ ಪಾಠ ಮಾಡಿದವಳಿಗೆ ಒಂದು ಚೀಲದ ಇತಿಹಾಸವನ್ನು ಎಲ್ಲಿ ಹುಡುಕಬೇಕೆಂಬುದೇ ತಿಳಿದಿರಲಿಲ್ಲ.

ದಾರಿ ತೋರಿಸಿದವರು ನಮ್ಮ ಬೀದಿಯ ಸುಬೇದಾರ್ ಮಾವ. ಕೊಡಗಿನ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ಬಂದು ಹುಣಸೂರಿನಲ್ಲಿ ಮನೆ ಕಟ್ಟಿಕೊಂಡವರು. ಸಂಜೆ ಕಾಫಿ ಕುಡಿಯುತ್ತಾ ಹುಡುಗಿಯ ಪ್ರಶ್ನೆ ಹೇಳಿದೆ. ಅವರು ಎದ್ದು ಒಳಗೆ ಹೋಗಿ, ಹಳೆಯ ಟ್ರಂಕಿನಿಂದ ಅಗಲವಾದ ಒಂದು ಬಟ್ಟೆಯ ಬೆಲ್ಟನ್ನು ತಂದು ನನ್ನ ಕೈಗೆ ಕೊಟ್ಟರು. ದಪ್ಪ ಹತ್ತಿಯ ನೇಯ್ಗೆ, ಹಿತ್ತಾಳೆಯ ಕೊಂಡಿ. "ಬೆನ್ನಿಗೆ ಚೀಲ ಹಾಕ್ಕೊಂಡು ನಡೆಯೋದನ್ನ ಲೋಕಕ್ಕೆ ಕಲಿಸಿದ್ದು ಮಿಲಿಟರಿಯೋರು ಟೀಚರಮ್ಮ. ನಾವು ಅದಕ್ಕೆ ಪಿಟ್ಟು ಅಂತೀವಿ. ಇದು ಬ್ರಿಟಿಷರ ಕಾಲದ ಮಾದರಿ, ನಾನು ಸೇರಿದಾಗಲೂ ಇದೇ ಇತ್ತು" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಡ್ಡ ಹತ್ತುವಾಗ ಶತ್ರು ಯಾರು ಅನ್ನೋದು ಮರೆತುಹೋಗ್ತದೆ. ಬೆನ್ನ ಮೇಲಿರೋದೇ ಶತ್ರು" ಎಂದರು.

ಹೀಗೆ ನಾನು ಬ್ರಿಟಿಷ್ ಸಿಪಾಯಿಯ ಬೆನ್ನುಚೀಲದ ಹಿಂದೆ ಬಿದ್ದೆ. ಎಲ್ಲೋ ಲಂಡನ್ನಿನಲ್ಲಿ ಶುರುವಾಗಬೇಕಾದ ಕಥೆ ನನ್ನನ್ನು ಮೊದಲು ಕರೆತಂದದ್ದು ನನ್ನ ಊರಿಗೇ!

ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರನ್ನು ನೀವು ಕೇಳಿರಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಸೀಮೆಯ ಊರೂರಿನ ವಿವರವನ್ನು ಕಲೆಹಾಕಿದ ದೊಡ್ಡ ಗ್ರಂಥ ಅದು. ಅಂಥ ಹಳೆಯ ಗೆಜೆಟಿಯರುಗಳಲ್ಲಿ ಲಕ್ಷ್ಮಣತೀರ್ಥದ ದಡದ ನಮ್ಮ ಹುಣಸೂರಿಗೂ ಒಂದು ಜಾಗವಿದೆ. ಅಲ್ಲಿನ ಮಾತು ಓದಿದಾಗ ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಮದರಾಸು ಸೈನ್ಯಕ್ಕೆ ಸಾಮಾನು ಒದಗಿಸುವ ಕಮಿಸರಿಯಟ್ ಇಲಾಖೆಯವರು ಹುಣಸೂರಿನಲ್ಲಿ ಚರ್ಮ ಹದ ಮಾಡುವ ಒಂದು ಕಾರ್ಖಾನೆ, ಕಂಬಳಿಯ ಕಾರ್ಖಾನೆ ಮತ್ತು ಮರಮುಟ್ಟಿನ ಅಂಗಳವನ್ನು ನಡೆಸುತ್ತಿದ್ದರು. 1860ರ ದಶಕದಲ್ಲಿ ಅವು ಮುಚ್ಚಿಹೋದವು. ಆದರೆ ಕಲಿತ ಕೈಗಳು ಊರಿನಲ್ಲೇ ಉಳಿದವು. ಕಾರ್ಖಾನೆ ಹೋದ ಮೇಲೂ ಇಲ್ಲಿಯ ಜನ ಬೂಟ್ಸು, ಮದ್ದಿನ ಚೀಲ, ಬೆನ್ನುಚೀಲಗಳನ್ನು ಮಾಡುತ್ತಿದ್ದರು. ಇಲ್ಲಿಯ ಕಂಬಳಿಗೂ, ಇಲ್ಲಿ ಕಟ್ಟುವ ಎತ್ತಿನ ಗಾಡಿಗೂ ಒಳ್ಳೆಯ ಹೆಸರಿತ್ತು.

ಬೆನ್ನುಚೀಲ! ನಾನು ಹುಟ್ಟಿ ಬೆಳೆದ, ಹೊಗೆಸೊಪ್ಪಿಗೂ ಮರದ ಡಿಪೋಗೂ ಹೆಸರಾದ ಊರು ಒಂದು ಕಾಲದಲ್ಲಿ ಸೈನ್ಯದ ಬೆನ್ನುಚೀಲ ಹೊಲಿಯುತ್ತಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳದೆ ಇದ್ದುದಕ್ಕೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಹುಣಸೂರೇ ಏಕೆ? ಇದಕ್ಕೆ ಉತ್ತರ ಎತ್ತುಗಳಲ್ಲಿದೆ. ಮೊದಲು ಸೈನ್ಯದ ಭಾರ ಹೊತ್ತವು ಅವೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ಇದ್ದ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಹೈದರಾಲಿ ಆ ಹಿಂಡುಗಳನ್ನು ಬೆಳೆಸಿ ತೋಪು ಎಳೆಯಲು ಬಳಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಈ ಎತ್ತುಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ, ಅಂದರೆ 160 ಕಿಲೋಮೀಟರ್ ಸೈನ್ಯ ನಡೆಸಿ ಚಿದಂಬರಕ್ಕೆ ನೆರವು ತಲುಪಿಸಿದನೆಂದು ಪ್ರತೀತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ ಮಹಲ್ ಕ್ಷೀಣಿಸಿತು. 1813ರಲ್ಲಿ ಬ್ರಿಟಿಷರು ಅದನ್ನು ತಮ್ಮ ಕೈಗೆ ತೆಗೆದುಕೊಂಡು ಕ್ಯಾಪ್ಟನ್ ಹಾರ್ವೆ ಎಂಬವನಿಗೆ ಒಪ್ಪಿಸಿದರು. ಹುಣಸೂರು ಅದರ ಮುಖ್ಯ ಠಾಣೆಯಾಯಿತು. 1860ರಲ್ಲಿ ಖರ್ಚು ಉಳಿಸಬೇಕೆಂದು ಹಿಂಡುಗಳನ್ನೆಲ್ಲ ಮಾರಿ, ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು ಮತ್ತೆ ಕಟ್ಟಲು ಹೊರಟರು. ಕೆ.ಆರ್. ನಗರದ ಕಡೆಯವರಿಗೆ ಚುಂಚನಕಟ್ಟೆಯ ದನದ ಜಾತ್ರೆ ಗೊತ್ತು. ಅಲ್ಲಿ ಕೊಂಬು ಬಾಗಿಸಿ ನಿಲ್ಲುವ ಹಳ್ಳಿಕಾರ್ ಎತ್ತುಗಳನ್ನು ಕಂಡವರಿಗೆ ಅಮೃತ ಮಹಲ್ ತಳಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವು ಒಂದೇ ಬಳಗದವು.

ಎತ್ತುಗಳಿರುವ ಊರು, ಹೆಗ್ಗಡದೇವನಕೋಟೆಯ ಕಾಡು ಬೆನ್ನಿಗಿರುವ ಊರು, ಮೈಸೂರಿನಿಂದ ಕಣ್ಣಾನೂರಿಗೂ ಮಂಗಳೂರಿಗೂ ಹೋಗುವ ದಾರಿಗಳು ಕೂಡುವ ಊರು. ಸೈನ್ಯಕ್ಕೆ ಇನ್ನೇನು ಬೇಕು?

ನಮ್ಮ ಸೀಮೆಯಲ್ಲಿ ತೊಗಲು ಹದ ಮಾಡುತ್ತಿದ್ದ ರೀತಿ ಈಗಿನ ಮಕ್ಕಳಿಗೆ ತಿಳಿಯದು. ಹಸಿ ಚರ್ಮವನ್ನು ತೊಳೆದು ಸುಣ್ಣದ ಗುಂಡಿಯಲ್ಲಿ ನೆನೆಹಾಕುತ್ತಾರೆ. ಕೂದಲು ಸಡಿಲಾದ ಮೇಲೆ ಹೆರೆದು ತೆಗೆಯುತ್ತಾರೆ. ಸುಣ್ಣ ಹೋಗುವವರೆಗೆ ಮತ್ತೆ ಮತ್ತೆ ತೊಳೆದು, ತಂಗಡಿಯ ತೊಗಟೆ ಕುಟ್ಟಿ ಹಾಕಿದ ನೀರಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಬಯಲಿನಲ್ಲಿ ಹಳದಿ ಹೂ ಬಿಟ್ಟು ನಗುವ ಅದೇ ತಂಗಡಿ ಗಿಡ. ಅದರ ತೊಗಟೆಯ ಒಗರು ಚರ್ಮವನ್ನು ಕೊಳೆಯದಂತೆ ಕಾಯುತ್ತದೆ. ಅಳಲೆಕಾಯಿಯದೂ ಇದೇ ಗುಣ. ಕೈ ಸುಣ್ಣಕ್ಕೆ ಸುಟ್ಟು, ಮೂಗು ವಾಸನೆಗೆ ಸೋತು, ಬೆನ್ನು ಬಾಗಿ ಮಾಡುವ ಕೆಲಸ ಇದು. ಮಾಡುತ್ತಿದ್ದವರು ಹೆಚ್ಚಾಗಿ ಮಾದಿಗ, ಸಮಗಾರ ಸಮುದಾಯಗಳವರು.

ಈಗ ಕಾರಣ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಚಪ್ಪಲಿ ಹೊಲಿಯಲು ಒಬ್ಬ ಹಿರಿಯರು ಬರುತ್ತಿದ್ದರು. ಬೀದಿಯಲ್ಲೇ ಕೂತು ಹೊಲಿಯುತ್ತಿದ್ದರು. ನಮ್ಮಜ್ಜಿ ಜಗಲಿಯ ಮೇಲಿನಿಂದ ನಾಣ್ಯವನ್ನು ಅವರ ಕೈಗೆ ಮೇಲಿಂದ ಬೀಳಿಸುತ್ತಿದ್ದಳು. ಹೊಲಿದ ಚಪ್ಪಲಿಗೆ ನೀರು ಚಿಮುಕಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದಳು. ನಾನೂ ಹಾಗೇ ಚಿಮುಕಿಸಿದ್ದೇನೆ. ಅದು ತಪ್ಪೆಂದು ತಿಳಿಯುವುದಕ್ಕೆ ನಾನು ಬಿ.ಎ. ಓದಬೇಕಾಯಿತು. ಆ ಹಿರಿಯರ ಹೆಸರನ್ನೂ ನಾವು ಕೇಳಲಿಲ್ಲ. ಇನ್ನು ಅವರ ಅಜ್ಜ ಮುತ್ತಜ್ಜಂದಿರು ಏನು ಹೊಲಿಯುತ್ತಿದ್ದರೆಂದು ಕೇಳುವವರು ಯಾರು? ಊರಿನ ದೇವಸ್ಥಾನದ ಚರಿತ್ರೆ ನಮಗೆ ಬಾಯಿಪಾಠ. ಊರಿನ ತೊಗಲಿನ ಚರಿತ್ರೆ ಗೆಜೆಟಿಯರಿನ ಒಂದೆರಡು ಸಾಲಿನಲ್ಲಿ ಉಳಿಯಿತು.

ಸೈನ್ಯಕ್ಕೂ ಚರ್ಮಕ್ಕೂ ಇದ್ದ ನಂಟು ಒಮ್ಮೆ ರಕ್ತ ಹರಿಸಿದ್ದೂ ಉಂಟು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಮದರಾಸು ಸೈನ್ಯದ ಸಿಪಾಯಿಗಳು ಬಂಡೆದ್ದರು. ಹಣೆಯ ಮೇಲೆ ಜಾತಿಯ ಗುರುತು ಇಡಬಾರದು, ಗಡ್ಡ ಬೋಳಿಸಬೇಕು, ಹೊಸ ಬಗೆಯ ಪಾಗು ಧರಿಸಬೇಕು ಎಂಬ ಆಜ್ಞೆಗಳು ಅವರನ್ನು ಕೆರಳಿಸಿದ್ದವು. ಆ ಪಾಗಿಗೆ ಚರ್ಮದ ಒಂದು ಬಿಲ್ಲೆ ಇತ್ತು. ತಲೆಯ ಮೇಲೆ ಚರ್ಮವೇ ಎಂದು ಸಿಡಿದರು. ಸಿಪಾಯಿಗೆ ತಲೆಯ ಮೇಲೆ ಏನಿರಬೇಕು, ಬೆನ್ನ ಮೇಲೆ ಏನಿರಬೇಕು ಎಂಬುದನ್ನು ಅವನನ್ನು ಕೇಳದೆ ತೀರ್ಮಾನಿಸುವ ಅಭ್ಯಾಸ ಹೀಗೆ ದುಬಾರಿಯಾಯಿತು.

ಆ ಕಾಲದ ಬೆನ್ನುಚೀಲ ಹೇಗಿತ್ತು? ಟ್ರಾಟರ್ ಎಂಬ ಗುತ್ತಿಗೆದಾರನ ಹೆಸರಿನಲ್ಲಿ ಹೆಸರಾದ ಚೀಲವೊಂದಿತ್ತು. ಬಣ್ಣ ಬಳಿದ ಕ್ಯಾನ್ವಾಸು, ಆಕಾರ ಕೆಡದಂತೆ ಒಳಗೆ ಮರದ ಹಲಗೆ. ಕವಾಯತಿನ ಸಾಲಿನಲ್ಲಿ ಎಲ್ಲರ ಬೆನ್ನೂ ಇಟ್ಟಿಗೆ ಜೋಡಿಸಿದ ಹಾಗೆ ಚೌಕವಾಗಿ ಕಾಣಬೇಕಲ್ಲ! ಪಟ್ಟಿಗಳು ಕಂಕುಳಿನ ಕೆಳಗೆ ಬಿಗಿದು, ಇನ್ನೊಂದು ಪಟ್ಟಿ ಎದೆಯ ಮೇಲೆ ಅಡ್ಡ ಕಟ್ಟುತ್ತಿತ್ತು. ಕೈ ಜೋಮು ಹಿಡಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಕೋವಿ, ತೋಟಾ, ಬಟ್ಟೆ, ಕಂಬಳಿ ಎಲ್ಲ ಸೇರಿ ಒಬ್ಬನ ಮೈಮೇಲೆ ಸುಮಾರು 60 ಪೌಂಡು, ನಮ್ಮ ಲೆಕ್ಕಕ್ಕೆ 27 ಕೆ.ಜಿ. ನಮ್ಮ ಅರ್ಧ ಮೂಟೆ ಅಕ್ಕಿಗಿಂತ ಹೆಚ್ಚು.

ಇದನ್ನು ತಪ್ಪೆಂದು ಹೇಳಿದವರು ಸೇನಾಪತಿಗಳಲ್ಲ, ಡಾಕ್ಟರುಗಳು. 1860ರ ದಶಕದಲ್ಲಿ ಇಂಗ್ಲೆಂಡಿನ ಸೈನ್ಯದ ವೈದ್ಯಕೀಯ ಶಾಲೆಯ ಎಡ್ಮಂಡ್ ಪಾರ್ಕ್ಸ್, ಭಾರತದಲ್ಲಿಯೂ ಕೆಲಸ ಮಾಡಿ ಹೋಗಿದ್ದ ಮಕ್ಲೀನ್ ಮೊದಲಾದವರು ಸಿಪಾಯಿಗಳ ಎದೆಯ ಮೇಲೆ ಕೈಯಿಟ್ಟು ನೋಡಿದರು. ಗಟ್ಟಿಮುಟ್ಟಾದ ಯುವಕರು ಹೃದಯದ ತೊಂದರೆಯಿಂದ ಸೈನ್ಯ ಬಿಡುತ್ತಿದ್ದರು. ಬಿಗಿದ ಪಟ್ಟಿ, ಬಿಗಿದ ಕೋಟು, ಎದೆಗೆ ಅಡ್ಡ ಕಟ್ಟಿದ ಭಾರ ಇವೇ ಕಾರಣವೆಂದು ಅವರು ವಾದಿಸಿದರು. ಪರಿಶೀಲನೆಗೆ ಒಂದು ಸಮಿತಿ ಕೂತಿತು. ಅದರ ಫಲವಾಗಿ 1871ರಲ್ಲಿ ಹೊಸ ಸಲಕರಣೆ ಬಂತು. ಹಲಗೆಯ ಪೆಟ್ಟಿಗೆ ಹೋಗಿ ಮೆತ್ತನೆಯ ಚೀಲ ಬಂದು, ಅದು ಸೊಂಟದ ಹಿಂದೆ ಕೆಳಗೆ ಕೂತಿತು. ಎದೆಯ ಅಡ್ಡಪಟ್ಟಿ ಹೋಯಿತು. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸಬೇಕೆಂಬ ತಿಳಿವಳಿಕೆ ಸೈನ್ಯಕ್ಕೆ ಬಂದದ್ದು ಆಗ. ಹಳ್ಳಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು! ನೀರಿನ ಕೊಡವನ್ನೂ ಮಗುವನ್ನೂ ನಾವು ಸೊಂಟದ ಮೇಲೇ ಅಲ್ಲವೆ ಇರಿಸಿಕೊಳ್ಳುವುದು?

ಹೊತ್ತಿಗೆ ಹುಣಸೂರಿನ ಕಾರ್ಖಾನೆ ಮುಚ್ಚಿತ್ತು. ಅದೇ 1860ರ ದಶಕದಲ್ಲಿ ಉತ್ತರದ ಕಾನ್ಪುರದಲ್ಲಿ ಕುದುರೆಯ ಜೀನು, ಸರಂಜಾಮುಗಳ ಸರ್ಕಾರಿ ಕಾರ್ಖಾನೆ ಎದ್ದಿತು. ಸೈನ್ಯದ ಚರ್ಮದ ಕೆಲಸಕ್ಕೆ ಮುಂದೆ ಆ ಊರೇ ದೊಡ್ಡ ಹೆಸರಾಯಿತು.

1888ರಲ್ಲಿ ಸ್ಲೇಡ್, ವಾಲೇಸ್ ಎಂಬ ಇಬ್ಬರು ಅಧಿಕಾರಿಗಳ ಹೆಸರಿನ ಸಲಕರಣೆ ಬಂತು. ಚರ್ಮದ್ದೇ. ಅದಕ್ಕೆ ಬಿಳಿ ಜೇಡಿಮಣ್ಣು ಬಳಿದು ಬೆಳ್ಳಗೆ ಇಡುವುದು ಸಿಪಾಯಿಗೆ ಇನ್ನೊಂದು ದಿನನಿತ್ಯದ ಶಿಕ್ಷೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಚರ್ಮದ ಬಣ್ಣ ಬಯಲಾಯಿತು. ಮಳೆಗೆ ನೆನೆದರೆ ಹಿಗ್ಗುತ್ತದೆ, ಬಿಸಿಲಿಗೆ ಒಣಗಿದರೆ ಬಿರುಕು ಬಿಡುತ್ತದೆ, ತೋಟಾಗಳು ದಾರಿಯಲ್ಲಿ ಉದುರುತ್ತವೆ. ಆಗ ಹತ್ತಿ ಬಂತು. ಅಮೆರಿಕದ ಸೇನಾಧಿಕಾರಿ ಆನ್ಸನ್ ಮಿಲ್ಸ್ ತೋಟಾ ಇಡುವ ಬೆಲ್ಟನ್ನು ಮಗ್ಗದಲ್ಲೇ ನೇಯುವ ಉಪಾಯ ಮಾಡಿದ್ದ. ಅವನ ಹೆಸರಿನ ಕಂಪನಿಯೊಡನೆ ಸೇರಿ ಮೇಜರ್ ಬರೋಸ್ ಎಂಬ ಬ್ರಿಟಿಷ್ ಅಧಿಕಾರಿ ರೂಪಿಸಿದ್ದೇ 1908ರ ಮಾದರಿ. ಪೂರ್ತಿ ದಪ್ಪ ಹತ್ತಿಯ ನೇಯ್ಗೆ. ಮುಂದೆ ಹತ್ತು ಪುಟ್ಟ ಚೀಲಗಳಲ್ಲಿ 150 ತೋಟಾ, ಹಿಂದೆ ಬೆನ್ನುಚೀಲ. ಮುಂದಿನ ಭಾರ ಹಿಂದಿನ ಭಾರಕ್ಕೆ ತಕ್ಕಡಿಯ ಹಾಗೆ ಸಮ. ಇಡೀ ಸಾಮಾನನ್ನು ಕೋಟಿನಂತೆ ಒಂದೇ ಬಾರಿಗೆ ತೊಡಬಹುದು, ಕಳಚಬಹುದು. ನನ್ನ ಮಟ್ಟಿಗೆ ಈ ಇನ್ನೂರು ವರ್ಷದ ಕಥೆಯಲ್ಲಿ ಇದೇ ದೊಡ್ಡ ತಿರುವು. ಕಾಗದದ ಮೇಲೆ ಇದರಿಂದ ಸಿಪಾಯಿ ಗೆದ್ದ.

ನಿಜದಲ್ಲಿ ಗೆದ್ದನೆ? 1914ರಲ್ಲಿ ಮಹಾಯುದ್ಧ ಶುರುವಾಯಿತು. ಲಕ್ಷಾಂತರ ಹೊಸ ಸಿಪಾಯಿಗಳಿಗೆ ನೇಯ್ದು ಕೊಡಲು ಮಗ್ಗಗಳು ಸಾಲದೆ ಮತ್ತೆ ಚರ್ಮಕ್ಕೇ ಮೊರೆಹೋಗಿ 1914ರ ಚರ್ಮದ ಮಾದರಿ ತಂದರು. ಚೀಲ ಸುಧಾರಿಸಿದೆಯಲ್ಲ ಎಂದು ಸಾಮಾನು ಸೇರಿಸುತ್ತಾ ಹೋದರು. ಗುದ್ದಲಿ, ಬಾಂಬು, ಮುಖವಾಡ, ಖಾಲಿ ಮರಳುಚೀಲ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಶತ್ರುವಿನ ಗುಂಡಿಗೆ ಎದುರಾಗಿ ನಡೆದ ಸಿಪಾಯಿಗಳು ಒಬ್ಬೊಬ್ಬರೂ ಸುಮಾರು 66 ಪೌಂಡು, 30 ಕೆ.ಜಿ. ಹೊತ್ತಿದ್ದರು. ಓಡುವುದು ಹೇಗೆ? ಬಗ್ಗುವುದು ಹೇಗೆ? ಆ ಒಂದೇ ದಿನ ಬ್ರಿಟಿಷರ ಕಡೆಯಲ್ಲಿ 19,000ಕ್ಕೂ ಹೆಚ್ಚು ಜನ ಸತ್ತರು. ಭಾರವೊಂದೇ ಅವರನ್ನು ಕೊಂದಿತೆನ್ನಲಾಗದು, ಭಾರ ಅವರ ಕಾಲು ಹಿಡಿದುಕೊಂಡದ್ದಂತೂ ನಿಜ. ಯುದ್ಧ ಮುಗಿದ ಮೇಲೆ ಅಧ್ಯಯನ ನಡೆದು, ಸಿಪಾಯಿಯ ಹೊರೆ ಅವನ ಮೈತೂಕದ ಮೂರನೆಯ ಒಂದು ಪಾಲು ದಾಟಬಾರದೆಂದು ತಜ್ಞರು ಹೇಳಿದರು.

1937ರ ಮಾದರಿ ಆ ಮಾತಿಗೆ ಸ್ವಲ್ಪ ಕಿವಿಗೊಟ್ಟಿತು. ದೊಡ್ಡ ಚೀಲವನ್ನು ಲಾರಿಗೆ ಹಾಕಿ, ಬೆನ್ನಿಗೆ ಸಣ್ಣದೊಂದನ್ನು ಮಾತ್ರ ಬಿಟ್ಟಿತು. ಸುಬೇದಾರ್ ಮಾವನ ಟ್ರಂಕಿನಲ್ಲಿದ್ದ ಬೆಲ್ಟು ಇದೇ ಮಾದರಿಯದು. ಎರಡನೆಯ ಮಹಾಯುದ್ಧದಲ್ಲಿ ಭಾರತದಲ್ಲೂ ಇದು ತಯಾರಾಯಿತು, ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ನಮ್ಮ ಸೈನಿಕರ ಮೈಮೇಲೂ ಇತ್ತು. ಬರ್ಮಾದ ಕಾಡಿನ ಮಳೆಯಲ್ಲಿ ಹತ್ತಿಯೂ ನೆಂದು ಕೊಳೆಯತೊಡಗಿದಾಗ, ಬೇಗ ಒಣಗುವ, ಹಗುರವಾದ, ಹಸಿರು ಬಣ್ಣದ 1944ರ ಮಾದರಿ ಹುಟ್ಟಿತು. 1958ರದು ಇನ್ನೊಂದು. ಅದು 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧದಲ್ಲಿ ನೀರು ಕುಡಿದು ಭಾರವಾಯಿತು. ಹೆಲಿಕಾಪ್ಟರುಗಳು ಮುಳುಗಿದ ಹಡಗಿನೊಡನೆ ಹೋಗಿದ್ದವು. ನೌಕಾಪಡೆಯ ಸೈನಿಕರು 80 ಪೌಂಡಿನ, ಸುಮಾರು 36 ಕೆ.ಜಿ.ಯ ಹೊರೆ ಹೊತ್ತು ಜೌಗು ನೆಲದಲ್ಲಿ ಮೂರು ದಿನಕ್ಕೆ 56 ಮೈಲಿ ನಡೆದರು. ಆಮೇಲೆ ಹತ್ತಿ ಹೋಗಿ ನೈಲಾನು ಬಂತು, ಅದು 1990ರ ಮಾದರಿ. 2015ರ ಸುಮಾರಿಗೆ ಬಂದ ವರ್ಟಸ್ ಎಂಬ ಸಲಕರಣೆಯಲ್ಲಿ ಬೆನ್ನೆಲುಬಿನಂಥ ಒಂದು ಪಟ್ಟಿ ಇದೆ. ಅದರ ಕೆಲಸವೇನು ಗೊತ್ತೆ? ಹೆಗಲ ಭಾರವನ್ನು ಸೊಂಟಕ್ಕೆ ಇಳಿಸುವುದು! 1871ರಲ್ಲಿ ಡಾಕ್ಟರುಗಳು ಹೇಳಿದ್ದೂ ಅದನ್ನೇ. 2018ರಲ್ಲಿ ಬ್ರಿಟಿಷ್ ಸೈನ್ಯದ ಎಲ್ಲ ಬಗೆಯ ಕೆಲಸಗಳೂ ಹೆಂಗಸರಿಗೆ ತೆರೆದವು. ಗಂಡಸಿನ ಅಳತೆಗೆ ಹೊಲಿದದ್ದನ್ನು ಹೆಂಗಸಿನ ಕಿರಿದಾದ ಹೆಗಲಿಗೆ, ಅಗಲವಾದ ಸೊಂಟಕ್ಕೆ ಹೊಂದಿಸುವ ಯೋಚನೆಗೆ ಇಷ್ಟು ಕಾಲ ಬೇಕಾಯಿತು.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಓದುತ್ತಿದ್ದಾಗ ಒಂದು ವಿಷಯ ಮನಸ್ಸಿಗೆ ಚುಚ್ಚಿತು. ಮರದ ಹಲಗೆಯಿಂದ ನೈಲಾನಿನವರೆಗೆ ಚೀಲ ಪ್ರತಿ ಸಲವೂ ಒಳ್ಳೆಯದಾಗಿದೆ. ಹೊರೆ ಮಾತ್ರ ಕಡಿಮೆಯಾಗಿಲ್ಲ. ಅಫ್ಘಾನಿಸ್ತಾನದಲ್ಲಿ ಈ ಶತಮಾನದ ಸೈನಿಕ 40 ಕೆ.ಜಿ.ಗೂ ಮೀರಿ ಹೊತ್ತದ್ದುಂಟು. ಚೀಲ ಹಗುರಾದರೆ, ಉಳಿದ ಜಾಗಕ್ಕೆ ಇನ್ನೊಂದು ಸಾಮಾನು. ಪಟ್ಟಿಯನ್ನು ಸರಿಮಾಡಲು ಎಲ್ಲರೂ ಮುಂದೆ ಬಂದರು. ಒಳಗಿನದನ್ನು ತೆಗೆಯಲು ಬಂದವರು ಕಡಿಮೆ. ಏಕೆಂದರೆ ಒಳಗೆ ಏನಿರಬೇಕೆಂದು ಪಟ್ಟಿ ಬರೆಯುವವರು ಅದನ್ನು ಹೊರುವವರಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಹೆಂಗಸರಿಗೆ ಇದನ್ನು ಹೇಳಿಕೊಡಬೇಕೆ? ಕೆ.ಆರ್. ನಗರದ ಗದ್ದೆಯಲ್ಲಿ ಭತ್ತದ ಹೊರೆ, ಹುಣಸೂರು ಪಿರಿಯಾಪಟ್ಟಣದ ಹೊಲದಲ್ಲಿ ಹಸಿ ಹೊಗೆಸೊಪ್ಪಿನ ಹೊರೆ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಸೌದೆಯ ಹೊರೆ. ನನ್ನ ಅವ್ವ ತಲೆಯ ಮೇಲೆ ಸಿಂಬೆ ಇಟ್ಟು ಗೊಬ್ಬರದ ಕುಕ್ಕೆ ಹೊತ್ತವಳು. ಹಳೆ ಸೀರೆಯ ತುಂಡನ್ನು ಸುತ್ತಿ ಮಾಡಿದ ಆ ಸಿಂಬೆಗೆ ಯಾವ ಮೇಜರನ ಹೆಸರೂ ಇಲ್ಲ. ಕಡೆಗಾಲದಲ್ಲಿ ಅವಳ ಕತ್ತು ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಮೈಯೆಲ್ಲ ತಿರುಗಿಸಿ ನೋಡುತ್ತಿದ್ದಳು. ಅವಳು ಹೊತ್ತದ್ದು ಎಷ್ಟು ಕೆ.ಜಿ. ಎಂದು ತೂಗಿದವರಿಲ್ಲ.

ಹೊರೆಯನ್ನು ಸುಧಾರಿಸುವುದು ಬೇರೆ, ಇಳಿಸುವುದು ಬೇರೆ. ಇಳಿಸಿದ ಒಂದು ಉದಾಹರಣೆಯೂ ನಮ್ಮ ತಾಲ್ಲೂಕಿಗೆ ಸಂಬಂಧಪಟ್ಟದ್ದೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ಅವರ ಸಂಪುಟದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಬುಟ್ಟಿಯನ್ನು ಚೆನ್ನಾಗಿ ಹೆಣೆಯಿರಿ, ಹಿಡಿ ಹಾಕಿಸಿ ಎನ್ನಲಿಲ್ಲ. ಹೊರಬೇಡಿ ಎಂದರು.

ಮಕ್ಕಳ ಚೀಲದ ವಿಷಯಕ್ಕೂ ನಮ್ಮ ಮೈಸೂರಿನವರೇ ಮೊದಲು ದನಿ ಎತ್ತಿದರು. ಆರ್. ಕೆ. ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡಿದ್ದಾಗ ಅಲ್ಲಿ ಮಾಡಿದ ಭಾಷಣದಲ್ಲಿ ಶಾಲಾ ಮಕ್ಕಳ ಬೆನ್ನ ಮೇಲಿನ ಹೊರೆಯ ಬಗ್ಗೆ ಮಾತಾಡಿದರು. ಆಮೇಲೆ ಪ್ರೊಫೆಸರ್ ಯಶ್‌ಪಾಲ್ ಅವರ ಸಮಿತಿ ಕೂತು, 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರ ಹೆಚ್ಚು ಎಂಬುದು ಅದರ ಕಾಳಜಿ. ನಮ್ಮ ಸರ್ಕಾರದ 2019ರ ಆದೇಶವನ್ನು 2023ರಲ್ಲಿ ಮತ್ತೆ ನೆನಪಿಸಿ, ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನವೆಂದು ಹೇಳಿದ್ದಾರೆ. ಎರಡು ಬಾರಿ ಹೇಳಬೇಕಾಯಿತೆಂದರೆ ಮೊದಲ ಸಲ ನಾವು ಕೇಳಿಸಿಕೊಳ್ಳಲಿಲ್ಲವೆಂದೇ ಅರ್ಥ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಆ ಹುಡುಗಿಯ ಚೀಲವನ್ನು ಬಿಚ್ಚಿ ನೋಡಿದಾಗ ಎಲ್ಲಕ್ಕಿಂತ ದಪ್ಪವಾದ ನೋಟ್‌ಬುಕ್ಕು ನನ್ನ ವಿಷಯದ್ದು. 200 ಪುಟದ ಎರಡು ನೋಟ್‌ಬುಕ್ಕು, ಪಠ್ಯಪುಸ್ತಕ, ಅಟ್ಲಾಸು. ದಿನವೂ ತರಬೇಕು, ತರದಿದ್ದರೆ ಹೊರಗೆ ನಿಲ್ಲಬೇಕು ಎಂದು ಕಟ್ಟಪ್ಪಣೆ ಮಾಡಿದ್ದವಳು ನಾನು. ಮೂವತ್ತು ಕೆ.ಜಿ. ಹೊರಿಸಿದ ಸೇನಾಪತಿಯನ್ನು ಬೈಯುತ್ತಾ ಕೂತಿದ್ದವಳಿಗೆ, ಪಟ್ಟಿ ಬರೆದವರ ಸಾಲಿನಲ್ಲಿ ತಾನೂ ನಿಂತಿದ್ದೇನೆಂದು ತಿಳಿದಾಗ ನಾಚಿಕೆಯಾಯಿತು. ಆ ಮಗು ಕೇಳಬೇಕೆಂದಿದ್ದ ಮಾತನ್ನು ನನ್ನನ್ನೇ ಕೇಳಬಹುದಾಗಿತ್ತು.

ಶಾಲೆಯಲ್ಲಿ ಮುರಿದುಬಿದ್ದಿದ್ದ ಒಂದು ಬೀರುವನ್ನು ಸರಿಮಾಡಿಸಿದೆವು. ಅಟ್ಲಾಸೂ ಪಠ್ಯಪುಸ್ತಕವೂ ಅದರಲ್ಲಿ ಉಳಿದವು. ಮನೆಗೆ ಒಂದು ತೆಳು ಪುಸ್ತಕ ಸಾಕೆಂದೆ. ಹುಡುಗಿಗೆ ಕೊಟ್ಟ ಮಾತಿನಂತೆ ಒಂದು ದಿನ ತರಗತಿಯಲ್ಲಿ ಈ ಕಥೆಯನ್ನೆಲ್ಲ ಹೇಳಿದೆ. ಹುಣಸೂರಿನ ಬೆನ್ನುಚೀಲದ ಮಾತು ಬಂದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಕೈಯೆತ್ತಿದ. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ. "ನಮ್ಮ ಮನೇಲಿ ಉಳಿ, ರಂಪಿಗೆ ಎಲ್ಲಾ ಅವೆ ಮಿಸ್. ನಮ್ಮ ತಾತಂದು" ಎಂದ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆ ಮೌನ ನನಗೆ ಗೊತ್ತು, ನಮ್ಮಜ್ಜಿಯ ಜಗಲಿಯದು. ನನಗೆ ಹೆದರಿಕೆಯಾಯಿತು. "ನಾಳೆ ತಗೊಂಡು ಬಾರಪ್ಪ, ನಾವೂ ನೋಡೋಣ" ಎಂದೆ.

ಮಾರನೆಯ ದಿನ ಅವನು ಬಟ್ಟೆಯಲ್ಲಿ ಸುತ್ತಿ ತಂದ. ಮರದ ಹಿಡಿ ಕೈ ತಾಗಿ ತಾಗಿ ನುಣುಪಾಗಿತ್ತು. ಮೇಣ ಹಚ್ಚಿದ ದಪ್ಪ ದಾರವನ್ನೂ ತಂದಿದ್ದ. ಯಾರೂ ಹೇಳದೆ ಆ ಹುಡುಗಿ ಎದ್ದು ಹೋಗಿ ತನ್ನ ಹರಿದ ಪಟ್ಟಿಯ ಚೀಲವನ್ನು ಅವನ ಮುಂದೆ ಇಟ್ಟಳು. ಅವನು ಸೇಫ್ಟಿ ಪಿನ್ನು ಬಿಚ್ಚಿ, ಪಟ್ಟಿಯನ್ನು ಎರಡು ಪದರ ಮಡಿಸಿ, ತೂತು ಮಾಡಿ, ಎರಡು ಕಡೆಯಿಂದ ದಾರ ಎಳೆದು ಹೊಲಿದ. ಗಂಟು ಹಾಕಿ ಹಲ್ಲಿನಿಂದ ದಾರ ಕಡಿದ. ಹುಡುಗಿ ಅವನ ಕೈಯಿಂದಲೇ ಚೀಲ ತೆಗೆದುಕೊಂಡು ಹೆಗಲಿಗೇರಿಸಿ ಎರಡು ಸಲ ಕುಪ್ಪಳಿಸಿ ನೋಡಿದಳು.

"ಗಟ್ಟಿ ಐತೆ" ಎಂದಳು.

ಅಂಗನವಾಡಿಯ ಯಂತ್ರವನ್ನು ಇನ್ನೊಮ್ಮೆ ತರಿಸಿದೆ. ಮೂರು ಕೆ.ಜಿ. ಇನ್ನೂರು ಗ್ರಾಂ. ಅವಳ ಮೈತೂಕದ ಹತ್ತನೆಯ ಒಂದು ಪಾಲಿಗಿಂತ ಇನ್ನೂ ಸ್ವಲ್ಪ ಹೆಚ್ಚೇ. ಆ ಸ್ವಲ್ಪವನ್ನು ಎಲ್ಲಿಂದ ತೆಗೆಯುವುದೆಂದು ಈ ಸಲ ಅವಳನ್ನೇ ಕೇಳಿದೆ.